ಹಾಡು ಯಾರದು, ದನಿ ಯಾರದು?

ಅಮೆರಿಕದ ಟೆನೆಸಿ ರಾಜ್ಯದಲ್ಲಿ ನೆಲೆಸಿರುವ ಓದುಗರೊಬ್ಬರು, ಕಂಟ್ರಿ ಅಂಡ್ ವೆಸ್ಟರ್ನ್ ಎಂಬ ಹಳ್ಳಿಗಾಡಿನ ಜನಪ್ರಿಯ ಸಂಗೀತದ ಹಳೆಯ ತಲೆಮಾರಿನ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ಗೌರವಾರ್ಥವಾಗಿ ತಮ್ಮ ಗೆಳೆಯರ ವಾದ್ಯತಂಡದೊಂದಿಗೆ ಹನ್ನೆರಡು ಹಾಡುಗಳ ಆಲ್ಬಂ ಒಂದನ್ನು ಹೊರತರಲು ಹೊರಟಿದ್ದಾರೆ. ಪ್ರಶ್ನೆಗಳ ದೀರ್ಘ ಪತ್ರದ ಜೊತೆಗೆ ಒಂದು ಹಾಡಿನ ಮಾದರಿ ಮುದ್ರಣವನ್ನೂ ಕಳುಹಿಸಿದ್ದಾರೆ. ಇದೇ ವಿಷಯವಾಗಿ ಇನ್ನಿಬ್ಬರು ಓದುಗರು ಕೇಳಿದ್ದನ್ನೂ ಸೇರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಹ್ಯಾಂಕ್ ವಿಲಿಯಮ್ಸ್ ಅವರ ಅತ್ಯಂತ ಜನಪ್ರಿಯವಾದ ಹನ್ನೆರಡು ಹಾಡುಗಳನ್ನು ಆರಿಸಿದ್ದೇವೆ. ‘ಲವ್‌ಸಿಕ್ ಬ್ಲೂಸ್’ ಮೊದಲ ಹಾಡು. ಆಯ್ಕೆ ಸರಿಯಾಗಿದೆಯೇ?

ಉತ್ತರ: ಪಟ್ಟಿಯಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ, ಆದರೆ ಪಟ್ಟಿ ಬರೆಯುವ ಮೊದಲೇ ತೀರ್ಮಾನವಾಗಬೇಕಿದ್ದ ಮಾತೊಂದು ಬಾಕಿ ಉಳಿದಿದೆ. ನೀವು ಗೌರವಿಸಲು ಹೊರಟಿರುವುದು ಅವರ ದನಿಯನ್ನೋ, ಹಾಡು ಬರೆದ ಕೈಯನ್ನೋ, ‘ಡ್ರಿಫ್ಟಿಂಗ್ ಕೌಬಾಯ್ಸ್’ ಎಂಬ ಅವರ ವಾದ್ಯತಂಡದ ನಾದವನ್ನೋ? ಮೂರೂ ಒಬ್ಬರಲ್ಲೇ ಕೂಡಿಬಂದಿರುವುದರಿಂದ ಇದು ವ್ಯರ್ಥ ಜಿಜ್ಞಾಸೆಯೆಂದು ತೋರಬಹುದು. ಆದರೆ ನಿಮ್ಮ ಪಟ್ಟಿಯ ಮೊದಲ ಹಾಡನ್ನೇ ನೋಡಿ. 1949ರಲ್ಲಿ ಹ್ಯಾಂಕ್ ವಿಲಿಯಮ್ಸ್ ಎಂಬ ಹೆಸರನ್ನು ಮನೆಮಾತಾಗಿಸಿದ ‘ಲವ್‌ಸಿಕ್ ಬ್ಲೂಸ್’ ಅವರ ರಚನೆಯಲ್ಲ. ಕ್ಲಿಫ್ ಫ್ರೆಂಡ್ ಮತ್ತು ಇರ್ವಿಂಗ್ ಮಿಲ್ಸ್ ಎಂಬಿಬ್ಬರು ಅದನ್ನು ರಚಿಸಿದ್ದು 1922ರಲ್ಲಿ, ಅಂದರೆ ಹ್ಯಾಂಕ್ ಹುಟ್ಟುವ ಹಿಂದಿನ ವರ್ಷ. ದನಿಗೆ ನಮನವೆಂದಾದರೆ ಆ ಹಾಡು ಮೊದಲಿಗೇ ಬರಲಿ, ಏಕೆಂದರೆ ದನಿ ಒಡೆದು ಮೇಲಕ್ಕೆ ಜಿಗಿಯುವ ಅವರ ಯೋಡೆಲ್ ಶೈಲಿಯನ್ನು ಜನ ಮುಗಿಬಿದ್ದು ಕೇಳಿದ್ದು ಅಲ್ಲಿಯೇ. ರಚನೆಕಾರನಿಗೆ ನಮನವೆಂದಾದರೆ ಅದಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ಉಳಿದುಕೊಂಡ ಆಲ್ಬಂಗಳೆಲ್ಲ ಈ ಆಯ್ಕೆಯನ್ನು ಮೊದಲೇ ಮಾಡಿಕೊಂಡವು. ಕಂಟ್ರಿ ಗಾಯಕ ಮರ್ಲ್ ಹ್ಯಾಗರ್ಡ್ 1970ರಲ್ಲಿ ಪಿಟೀಲು ವಾದಕ ಬಾಬ್ ವಿಲ್ಸ್ ಅವರಿಗೆ ಆಲ್ಬಂ ಅರ್ಪಿಸಿದಾಗ ಗೌರವ ಸಂದದ್ದು ಒಂದು ವಾದ್ಯಮೇಳದ ನಾದಕ್ಕೆ; ಅದಕ್ಕಾಗಿ ಹ್ಯಾಗರ್ಡ್ ಕೆಲವೇ ತಿಂಗಳಲ್ಲಿ ತಾವೇ ಪಿಟೀಲು ಕಲಿತರು, ವಿಲ್ಸ್ ಅವರ ‘ಟೆಕ್ಸಸ್ ಪ್ಲೇಬಾಯ್ಸ್’ ತಂಡದಲ್ಲಿ ಹಿಂದೆ ನುಡಿಸುತ್ತಿದ್ದ ಹಿರಿಯ ವಾದಕರನ್ನು ಕಲೆಹಾಕಿ ಸ್ಟುಡಿಯೋಗೆ ಕರೆತಂದರು. ವಿಲ್ಲಿ ನೆಲ್ಸನ್ 2006ರಲ್ಲಿ ಮಾಡಿದ್ದು ಬೇರೆಯೇ ಕೆಲಸ. ಅವರು ಆರಿಸಿಕೊಂಡದ್ದು ಹಾಡು ಬರೆಯುತ್ತಿದ್ದ ಸಿಂಡಿ ವಾಕರ್ ಅವರನ್ನು. ಆಕೆಯ ಹಾಡುಗಳು ಇತರರ ಬಾಯಲ್ಲಿ ಪ್ರಸಿದ್ಧವಾಗಿದ್ದವು, ಆಕೆಯ ಹೆಸರು ಮಾತ್ರ ಸಾಮಾನ್ಯ ಕೇಳುಗರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಆ ವರ್ಷ ಮಾರ್ಚ್ 14ರಂದು ಆಲ್ಬಂ ಹೊರಬಂತು. ಒಂಬತ್ತು ದಿನಗಳ ನಂತರ ವಾಕರ್ ತೀರಿಕೊಂಡರು. ಇಂಥ ಆಲ್ಬಂ ಎಂದರೆ ಸತ್ತವರಿಗೆ ಮಾತ್ರ ಸಲ್ಲುವ ತರ್ಪಣವೆಂದು ಭಾವಿಸುವವರು ಆ ಒಂಬತ್ತು ದಿನಗಳನ್ನು ನೆನೆಯಬೇಕು. ಇನ್ನು ನಿಮ್ಮ ಹ್ಯಾಂಕ್ ವಿಲಿಯಮ್ಸ್ ಅವರ ವಿಷಯದಲ್ಲಂತೂ 2011ರಲ್ಲಿ ಬಂದ ಆಲ್ಬಂ ಒಂದು ದನಿಯನ್ನೂ ಧಾಟಿಯನ್ನೂ ಪೂರ್ತಿಯಾಗಿ ಬದಿಗಿಟ್ಟು, ಅವರು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಹೋಗಿದ್ದ ಸಾಹಿತ್ಯಕ್ಕೆ ಬಾಬ್ ಡಿಲನ್, ನೋರಾ ಜೋನ್ಸ್ ಮೊದಲಾದವರಿಂದ ಹೊಸದಾಗಿ ರಾಗ ಹಾಕಿಸಿತು.

ಜನಪ್ರಿಯವಾದ ಹನ್ನೆರಡನ್ನೇ ಹಾಡುವುದರಲ್ಲಿರುವ ತೊಡಕೆಂದರೆ, ಕೇಳುಗರ ಕಿವಿಯಲ್ಲಿ ಮೂಲ ಆಗಲೇ ಗೂಡು ಕಟ್ಟಿಕೊಂಡಿರುತ್ತದೆ, ಹೋಲಿಕೆಯಲ್ಲಿ ನಿಮ್ಮದು ಸೋಲುತ್ತದೆ. ನಾಲ್ಕು ಪ್ರಸಿದ್ಧ ಹಾಡುಗಳನ್ನು ಉಳಿಸಿಕೊಂಡು ಉಳಿದವುಗಳಿಗಾಗಿ ಮೂಲೆಗಳನ್ನು ಶೋಧಿಸಿ. ‘ಲ್ಯೂಕ್ ದ ಡ್ರಿಫ್ಟರ್’ ಎಂಬ ಬೇರೆ ಹೆಸರಿನಲ್ಲಿ ಅವರು ಮುದ್ರಿಸಿದ, ಹಾಡುವುದಕ್ಕಿಂತ ಹೆಚ್ಚಾಗಿ ಮಾತನಾಡುವ ನೀತಿಕಥನಗಳಿವೆ. 1951ರಲ್ಲಿ ಹಿಟ್ಟಿನ ಕಂಪನಿಯೊಂದರ ಪ್ರಾಯೋಜನೆಯಲ್ಲಿ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೋದಲ್ಲಿ ಬೆಳಗಿನ ಹೊತ್ತು ನಡೆಯುತ್ತಿದ್ದ ಹದಿನೈದು ನಿಮಿಷದ ಕಾರ್ಯಕ್ರಮದ ಮುದ್ರಣಗಳೂ ಉಳಿದಿವೆ. ತಮ್ಮ ರೆಕಾರ್ಡ್ ಕಂಪನಿಗಾಗಿ ಎಂದೂ ಹಾಡದ ಭಜನೆಗಳನ್ನು, ಹಿರಿಯರಿಂದ ಕಲಿತ ಹಾಡುಗಳನ್ನು ಅಲ್ಲಿ ಅವರು ನಿರಾಳವಾಗಿ ಹಾಡಿದ್ದಾರೆ. ಆ ಮನುಷ್ಯನ ಇಷ್ಟಾನಿಷ್ಟಗಳು ತಿಳಿಯುವುದು ಅಂಥಲ್ಲಿ.

ಪ್ರಶ್ನೆ: ಹಾಡುಗಳನ್ನು ಬಳಸಿಕೊಳ್ಳಲು ಕುಟುಂಬದವರ ಅನುಮತಿ ಬೇಕೇ? ಎಷ್ಟು ಹಣ ಕೊಡಬೇಕಾಗುತ್ತದೆ?

ಉತ್ತರ: ಇಲ್ಲಿ ಬಹಳ ಮಂದಿ ಎಡವುತ್ತಾರೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಅಮೆರಿಕದ ಕಾನೂನಿನ ಕಣ್ಣಿಗೆ ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಸಾಹಿತ್ಯ ಮತ್ತು ಧಾಟಿ ಸೇರಿದ ರಚನೆ ಒಂದು, ಅದನ್ನು ಯಾರೋ ಹಾಡಿ ಮುದ್ರಿಸಿದ ಧ್ವನಿಮುದ್ರಣ ಇನ್ನೊಂದು. ನೀವು ಹೊಸದಾಗಿ ಹಾಡುವುದರಿಂದ ಎರಡನೆಯದರ ಗೊಡವೆ ನಿಮಗಿಲ್ಲ. ಮೊದಲನೆಯದಕ್ಕೆ ಹಣ ಕೊಡಬೇಕು. ಆ ಹಣ ಸಲ್ಲುವುದು ರಚನೆಯ ಹಕ್ಕುದಾರರಿಗೆ. ಪ್ಯಾಟ್ಸಿ ಕ್ಲೈನ್ ಅವರಿಗೆಂದು ನೀವು ಆಲ್ಬಂ ಮಾಡಿ, 1961ರಲ್ಲಿ ಆಕೆ ಹಾಡಿದ ‘ಕ್ರೇಜಿ’ಯನ್ನು ಸೇರಿಸಿದಿರೆನ್ನಿ, ರಚನೆಯ ರಾಯಧನ ಹೋಗುವುದು ಅದನ್ನು ಬರೆದ ವಿಲ್ಲಿ ನೆಲ್ಸನ್ ಅವರ ಕಡೆಗೆ, ಕ್ಲೈನ್ ಅವರ ವಾರಸುದಾರರಿಗೆ ಅದರಿಂದ ಒಂದು ಸೆಂಟೂ ಇಲ್ಲ. ಗಾಯಕಿಯ ಕುಟುಂಬಕ್ಕೆ ನೆರವಾಗಲೆಂಬ ಸದುದ್ದೇಶದಿಂದ ಆಲ್ಬಂ ಮಾಡುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಒಮ್ಮೆ ಹಕ್ಕುದಾರರ ಒಪ್ಪಿಗೆಯಿಂದ ಮುದ್ರಿತವಾಗಿ ಅಮೆರಿಕದಲ್ಲಿ ಸಾರ್ವಜನಿಕರಿಗೆ ಮಾರಾಟವಾದ ಹಾಡನ್ನು ಮತ್ತೊಬ್ಬರು ಹಾಡಿ ಮುದ್ರಿಸುವುದನ್ನು ಹಕ್ಕುದಾರರು ತಡೆಯುವಂತಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 115ನೆಯ ವಿಧಿಯ ಕಡ್ಡಾಯ ಪರವಾನಗಿ ಎಂದರೆ ಇದೇ. 1909ರಲ್ಲಿ ಈ ಏರ್ಪಾಡು ಬಂದಾಗ ಒಂದು ಹಾಡಿನ ಒಂದು ಪ್ರತಿಗೆ 2 ಸೆಂಟ್ ದರವಿತ್ತು. 2006ರಿಂದ 2022ರವರೆಗೆ 9.1 ಸೆಂಟ್‌ನಲ್ಲೇ ನಿಂತಿದ್ದ ದರ 2023ರಲ್ಲಿ 12 ಸೆಂಟ್‌ಗೆ ಏರಿ, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷವೂ ಪರಿಷ್ಕೃತವಾಗುತ್ತ 2025ರಲ್ಲಿ 12.7 ಸೆಂಟ್ ಆಯಿತು. ಇದು ಐದು ನಿಮಿಷದೊಳಗಿನ ಹಾಡಿಗೆ. ಅದಕ್ಕಿಂತ ಉದ್ದವಾದರೆ ನಿಮಿಷದ ಲೆಕ್ಕ. ‘ಲವ್‌ಸಿಕ್ ಬ್ಲೂಸ್’ 1922ರ ರಚನೆಯಾದ್ದರಿಂದ ಅದರ ಕೃತಿಸ್ವಾಮ್ಯದ ಅವಧಿ ಮುಗಿದಿದೆ; ಉಳಿದ ಹನ್ನೊಂದು ಹಾಡುಗಳಿಗೆ 1000 ಸಿ.ಡಿ.ಗಳ ಲೆಕ್ಕದಲ್ಲಿ 2025ರ ದರದಂತೆ 1,397 ಡಾಲರ್ ಆಗುತ್ತದೆ. ಗೆಳೆಯರಿಗೆ ಪುಕ್ಕಟೆ ಹಂಚಿದ ಪ್ರತಿಗೂ ಲೆಕ್ಕ ಉಂಟು, ಏಕೆಂದರೆ ಕಾನೂನು ನೋಡುವುದು ಪ್ರತಿ ನಿಮ್ಮ ಕೈಬಿಟ್ಟು ಹೋಯಿತೇ ಎಂಬುದನ್ನು. ಪ್ರತಿಗಳನ್ನು ಹಂಚುವ ಮೊದಲೇ ಹಕ್ಕುದಾರರಿಗೆ ನೋಟಿಸ್ ತಲುಪಿಸಬೇಕು. 1927ರಿಂದ ಇರುವ ಹ್ಯಾರಿ ಫಾಕ್ಸ್ ಏಜೆನ್ಸಿಯ ಮೂಲಕ ಪರವಾನಗಿ ಪಡೆಯುವುದು ಹೆಚ್ಚಿನವರು ಹಿಡಿಯುವ ದಾರಿ. ಸ್ಟ್ರೀಮಿಂಗ್ ಸೇವೆಗಳಲ್ಲಿ ಹಾಡು ಕೇಳಿಸಿದ್ದಕ್ಕೆ ಆ ಸೇವೆಗಳೇ 2021ರಿಂದ ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್ ಎಂಬ ಸಂಸ್ಥೆಗೆ ಹಣ ಕಟ್ಟುತ್ತವೆ. ಆ ಚಿಂತೆ ನಿಮಗೆ ಬೇಡ.

ಈ ಪರವಾನಗಿಗೆ ಮಿತಿಗಳೂ ಇವೆ. ನಿಮ್ಮ ಶೈಲಿಗೆ ಒಗ್ಗುವಂತೆ ವಾದ್ಯಸಂಯೋಜನೆಯನ್ನು ಬದಲಾಯಿಸಬಹುದು, ಆದರೆ ಮೂಲ ಧಾಟಿಯನ್ನೂ ಹಾಡಿನ ಸ್ವಭಾವವನ್ನೂ ಕೆಡಿಸುವಂತಿಲ್ಲ. ಒಂದು ಚರಣವನ್ನು ತಿದ್ದಿ ಬರೆಯಲು, ಜೊತೆಗಿನ ಕಿರುಹೊತ್ತಗೆಯಲ್ಲಿ ಸಾಹಿತ್ಯವನ್ನು ಅಚ್ಚು ಹಾಕಲು, ಹಾಡಿಗೆ ವೀಡಿಯೊ ಜೋಡಿಸಲು ಗೀತಪ್ರಕಾಶಕರಿಂದ ಬೇರೆಯೇ ಒಪ್ಪಿಗೆ ಬೇಕು. ಅಲ್ಲಿ ಅವರು ಆಗದು ಎನ್ನಬಹುದು, ತಮಗೆ ತೋಚಿದಷ್ಟು ಬೆಲೆಯನ್ನೂ ಹೇಳಬಹುದು. ಹ್ಯಾಂಕ್ ಅವರ ಹಾಡುಗಳನ್ನು ಮೊದಲು ಪ್ರಕಟಿಸಿದ್ದು ರಾಯ್ ಏಕಫ್ ಮತ್ತು ಫ್ರೆಡ್ ರೋಸ್ 1942ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕಟ್ಟಿದ ಏಕಫ್-ರೋಸ್ ಸಂಸ್ಥೆ. ಅದರ ಭಂಡಾರ 2002ರಲ್ಲಿ ಸೋನಿ/ಎಟಿವಿ ಪಾಲಾಯಿತು. ಹುಡುಕಾಟವನ್ನು ಅಲ್ಲಿಂದ ಆರಂಭಿಸಿ.

ಆಲ್ಬಂನ ಆರಂಭದಲ್ಲಿ ಮೂಲ ಮುದ್ರಣದ ನಾಲ್ಕು ಸೆಕೆಂಡ್ ಕೇಳಿಸಬೇಕೆಂಬ ಆಸೆಯನ್ನು ನೀವು ಬರೆದಿದ್ದೀರಿ. ಅದು ಎರಡನೆಯ ಆಸ್ತಿ. ರೆಕಾರ್ಡ್ ಕಂಪನಿಯ ಒಪ್ಪಿಗೆಯಿಲ್ಲದೆ ಮುಟ್ಟಬೇಡಿ. ಈ ಎರಡು ಆಸ್ತಿಗಳ ಆಯುಷ್ಯ ಎಷ್ಟು ಬೇರೆ ಎಂಬುದಕ್ಕೆ ಕಂಟ್ರಿ ಸಂಗೀತದ ಆದ್ಯರಲ್ಲೊಬ್ಬರಾದ ಜಿಮ್ಮಿ ರಾಡ್ಜರ್ಸ್ ಅವರ ಉದಾಹರಣೆ ಇದೆ: 1928ರಲ್ಲಿ ಪ್ರಕಟವಾದ ಅವರ ರಚನೆಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತಾಗಿವೆ, 1928ರಲ್ಲೇ ಬಿಡುಗಡೆಯಾದ ಅವರ ಧ್ವನಿಮುದ್ರಣಗಳು 2029ರವರೆಗೆ ಕಾಯಬೇಕು.

ಇನ್ನು ಕುಟುಂಬದ ಮಾತು. ಹಾಡುಗಳಿಗೆ ಅವರ ಅನುಮತಿ ಬೇಕಿಲ್ಲದಿದ್ದರೂ ಮುಖಪುಟದ ಮೇಲೆ ಹ್ಯಾಂಕ್ ಅವರ ಹೆಸರನ್ನು ಎದ್ದುಕಾಣುವಂತೆ ಹಾಕಿ ಭಾವಚಿತ್ರವನ್ನೂ ಬಳಸುವುದಾದರೆ ಪ್ರಶ್ನೆ ಬೇರೆಯಾಗುತ್ತದೆ. ಟೆನೆಸಿಯ 1984ರ ಕಾಯ್ದೆ ವ್ಯಕ್ತಿಯ ಹೆಸರು ಮತ್ತು ರೂಪವನ್ನು ಸಾವಿನ ನಂತರವೂ ವಾರಸುದಾರರಿಗೆ ಸೇರಿದ ಆಸ್ತಿಯೆಂದು ಪರಿಗಣಿಸುತ್ತದೆ. ವಕೀಲರೊಬ್ಬರಿಗೆ ಮುಖಪುಟದ ಕರಡನ್ನು ತೋರಿಸಿ, ವಾರಸುದಾರರ ಪರವಾಗಿ ವ್ಯವಹರಿಸುವವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ವಾರಸುದಾರರು ಯಾರೆಂಬುದೂ ನೇರವಾದ ಸಂಗತಿಯಲ್ಲ. ಹ್ಯಾಂಕ್ ತೀರಿಕೊಂಡ ಕೆಲವೇ ದಿನಗಳಲ್ಲಿ, 1953ರ ಜನವರಿಯಲ್ಲಿ ಹುಟ್ಟಿದ ಮಗಳು ಜೆಟ್ ವಿಲಿಯಮ್ಸ್ ತಮ್ಮ ಹಕ್ಕನ್ನು ಸ್ಥಾಪಿಸಿಕೊಳ್ಳಲು 1980ರ ದಶಕದಲ್ಲಿ ನ್ಯಾಯಾಲಯಗಳ ಮೆಟ್ಟಿಲೇರಬೇಕಾಯಿತು.

ಪ್ರಶ್ನೆ: ಕಳುಹಿಸಿರುವ ಮಾದರಿ ಮುದ್ರಣವನ್ನು ಕೇಳಿ ಅಭಿಪ್ರಾಯ ತಿಳಿಸಿ. ಮೂಲದ ಹಾಗೆಯೇ ನುಡಿಸಬೇಕೇ, ನಮ್ಮತನ ಬೆರೆಸಬಹುದೇ?

ಉತ್ತರ: ಮೂರು ಸಲ ಕೇಳಿದೆ. ಹಾಡು ‘ಐಯಾಮ್ ಸೋ ಲೋನ್ಸಮ್ ಐ ಕುಡ್ ಕ್ರೈ’. ಹ್ಯಾಂಕ್ ಅದನ್ನು ಮುದ್ರಿಸಿದ್ದು 1949ರ ಆಗಸ್ಟ್ 30ರಂದು, ಸಿನ್ಸಿನಾಟಿಯ ಹರ್ಜೋಗ್ ಸ್ಟುಡಿಯೋದಲ್ಲಿ. ಮೂರೆಣಿಕೆಯ ಆ ನಡೆಯನ್ನು ನೀವು ಅವಸರಪಡಿಸದೆ ಉಳಿಸಿಕೊಂಡಿರುವುದು ಸಂತೋಷ. ಆದರೆ ನಿಮ್ಮ ಮುದ್ರಣದ ಎರಡನೆಯ ಸಾಲಿನ ಕೊನೆಯಲ್ಲಿ ಸ್ಟೀಲ್ ಗಿಟಾರ್ (ತಂತಿಗಳ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ವಾದ್ಯ) ಮಾಡುವುದನ್ನು ಗಮನಿಸಿ. ಒಂದು ತಂತಿಯ ಸ್ವರ ಅಲುಗದೆ ನಿಂತಿರುವಾಗಲೇ ಪಕ್ಕದ ತಂತಿಯ ಸ್ವರ ಮೆಲ್ಲನೆ ಮೇಲೇರಿ ಅದರೊಡನೆ ಕೂಡಿಕೊಳ್ಳುತ್ತದೆ. ಕಾಲಿನಿಂದ ಪೆಡಲ್ ಒತ್ತಿದಾಗ ಹುಟ್ಟುವ ನಾದ ಇದು. ಕಿವಿಗೆ ಬಲು ಇಂಪು. ಇದು ಜನರ ಕಿವಿಗೆ ಬಿದ್ದದ್ದು 1954ರಲ್ಲಿ, ವೆಬ್ ಪಿಯರ್ಸ್ ಅವರ ಹಾಡೊಂದರಲ್ಲಿ ಬಡ್ ಐಸಾಕ್ಸ್ ನುಡಿಸಿದ ಮೇಲೆ. ಅಷ್ಟರಲ್ಲಿ ಹ್ಯಾಂಕ್ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಜೊತೆ ನುಡಿಸುತ್ತಿದ್ದ ಡಾನ್ ಹೆಲ್ಮ್ಸ್ ಅವರ ವಾದ್ಯಕ್ಕೆ ಪೆಡಲ್ ಇರಲಿಲ್ಲ. ಎಡಗೈಯ ಲೋಹದ ಸರಳನ್ನು ತಂತಿಗಳ ಮೇಲೆ ಜಾರಿಸಿ, ಮೇಲಿನ ಸ್ಥಾಯಿಯಲ್ಲಿ ಅಳುವಂತೆ ನುಡಿಸುತ್ತಿದ್ದರು. ಸರಳು ಜಾರಿದಾಗ ಅದರಡಿಯ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ, ಒಂದೊಂದಾಗಿ ಬಾಗುವುದಿಲ್ಲ. ನೀವು ಅಂದಿನ ನಾದಕ್ಕೆ ಗೌರವ ಸಲ್ಲಿಸುವುದಾದರೆ ಪೆಡಲ್‌ನಿಂದ ಕಾಲು ತೆಗೆಯಿರಿ. ಹಾಡಿಗೆ ಗೌರವ ಸಲ್ಲಿಸುವುದಾದರೆ ಪೆಡಲ್ ಇರಲಿ, ಅಭ್ಯಂತರವಿಲ್ಲ. ಆಗ ಅರ್ಧ ಮಾತ್ರ ಹಳತನ್ನು ನಟಿಸುವ ಆ ಗರಗರ ಸದ್ದನ್ನು, ಹಳೆಯ ರೆಕಾರ್ಡಿನ ಭ್ರಮೆ ಹುಟ್ಟಿಸಲೆಂದು ಆರಂಭದಲ್ಲಿ ಸೇರಿಸಿದ್ದೀರಲ್ಲ, ಅದನ್ನು ತೆಗೆದುಹಾಕಿ.

ಡ್ರಮ್ಸ್ ಬಗ್ಗೆಯೂ ಇದೇ ಮಾತು. ಹ್ಯಾಂಕ್ ಅವರ ಹೆಚ್ಚಿನ ಮುದ್ರಣಗಳಲ್ಲಿ ಡ್ರಮ್ಸ್ ಇಲ್ಲ. ಲಯದ ಹೊರೆಯನ್ನು ಹೊತ್ತಿದ್ದು ಆಳೆತ್ತರದ ಬಾಸ್ ಮತ್ತು ತಂತಿಗಳನ್ನು ಅಂಗೈಯಿಂದ ಅದುಮಿ ಟಕ್ ಟಕ್ ಎಂದು ಕಡಿದಂತೆ ನುಡಿಸುವ ಎಲೆಕ್ಟ್ರಿಕ್ ಗಿಟಾರ್. ನಿಮ್ಮ ಗಿಟಾರ್ ವಾದಕರು ಒಮ್ಮೆ ಪ್ರಯತ್ನಿಸಲಿ. ಡ್ರಮ್ಸ್ ಬಿಟ್ಟಾಗ ಹಾಡುವವರ ದನಿಗೆ ಎಷ್ಟು ಬಯಲು ಸಿಗುತ್ತದೆ ಎಂಬುದು ಮೊದಲ ಚರಣದಲ್ಲೇ ಗೊತ್ತಾಗುತ್ತದೆ.

ಹಾಡಿರುವ ಹೆಣ್ಣುಮಗಳ ಕಂಠ ತುಂಬ ಚೆನ್ನಾಗಿದೆ, ಆದರೆ ಮೂಲದ ಶ್ರುತಿಯಲ್ಲೇ ಹಾಡಬೇಕೆಂಬ ಹಟದಿಂದ ಸಾಲಿನ ಕೊನೆಯ ಸ್ವರಗಳು ತಳ ಸೇರಿ ಬರಿಯ ಉಸಿರಾಗುತ್ತಿವೆ. ಶ್ರುತಿ ಏರಿಸಿ. ನ್ಯಾಶ್‌ವಿಲ್‌ನ ವಾದಕರು ಸ್ವರಮೇಳಗಳನ್ನು ಅಕ್ಷರಗಳ ಬದಲು ಅಂಕಿಗಳಲ್ಲಿ ಬರೆದುಕೊಳ್ಳುವುದು ಇಂಥ ಕಾರಣಕ್ಕಾಗಿಯೇ. 1950ರ ದಶಕದ ಕೊನೆಗೆ ಜಾರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಆರಂಭಿಸಿದ ಈ ಪದ್ಧತಿಯಲ್ಲಿ 1, 4, 5 ಎಂದು ಬರೆದದ್ದು ಸಿ ಶ್ರುತಿಯಲ್ಲಿ ಸಿ, ಎಫ್, ಜಿ ಆಗುತ್ತದೆ, ಜಿ ಶ್ರುತಿಯಲ್ಲಿ ಜಿ, ಸಿ, ಡಿ ಆಗುತ್ತದೆ. ಗಾಯಕಿ ಬದಲಾದರೂ ಹಾಳೆ ಬದಲಾಗಬೇಕಿಲ್ಲ. ಅಷ್ಟೇ ಮುಖ್ಯವಾಗಿ, ಹ್ಯಾಂಕ್ ಅವರ ದನಿ ಒಡೆಯುವ ಜಾಗಗಳಲ್ಲಿ ಆಕೆಯೂ ದನಿ ಒಡೆಯುವುದು ಬೇಡ. ಅವರಿಗೆ ಅದು ಸಹಜವಾಗಿ ಬಂದದ್ದು, ಈಕೆಗೆ ಅಭ್ಯಾಸದಿಂದ ಬಂದದ್ದೆಂಬುದು ಕೇಳಿದವರಿಗೆ ತಿಳಿಯುತ್ತದೆ. 1951ರಲ್ಲಿ ಪಾಪ್ ಗಾಯಕ ಟೋನಿ ಬೆನೆಟ್ ‘ಕೋಲ್ಡ್, ಕೋಲ್ಡ್ ಹಾರ್ಟ್’ ಅನ್ನು ಪಿಟೀಲುಗಳ ಮೇಳದೊಂದಿಗೆ ನಗರದ ಠೀವಿಯಲ್ಲಿ ಹಾಡಿದಾಗ ಅದರಲ್ಲಿ ಹ್ಯಾಂಕ್ ಅವರ ಅನುಕರಣೆಯ ಸೋಂಕೂ ಇರಲಿಲ್ಲ, ಆದರೂ ಅವರ ರಚನೆಯನ್ನು ಕಂಟ್ರಿ ಸಂಗೀತ ಕೇಳದ ಮನೆಗಳಿಗೆ ತಲುಪಿಸಿದ್ದು ಆ ಹಾಡುಗಾರಿಕೆ.

ಒಂದು ಕೋರಿಕೆ: ವಾದ್ಯಗಳನ್ನು ಒಂದೊಂದಾಗಿ ಮುದ್ರಿಸಿ ಜೋಡಿಸುವುದನ್ನು ಬಿಟ್ಟು ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತು ನುಡಿಸಿ. ಹ್ಯಾಂಕ್ ಅವರ ಕೊನೆಯ ಮುದ್ರಣ ನಡೆದದ್ದು 1952ರ ಸೆಪ್ಟೆಂಬರ್ 23ರಂದು, ನ್ಯಾಶ್‌ವಿಲ್‌ನ ಕ್ಯಾಸಲ್ ಸ್ಟುಡಿಯೋದಲ್ಲಿ. ಆ ಒಂದೇ ಸರದಿಯಲ್ಲಿ ನಾಲ್ಕು ಹಾಡುಗಳು ಸಿದ್ಧವಾದವು, ‘ಯುವರ್ ಚೀಟಿನ್ ಹಾರ್ಟ್’ ಅವುಗಳಲ್ಲಿ ಒಂದು. ನಿಮ್ಮ ಪತ್ರದ ಪ್ರಕಾರ ಒಂದು ಹಾಡಿಗೆ ಹನ್ನೊಂದು ದಿನ ಹಿಡಿದಿದೆ. ಆಯಾಸ ಹಾಡಿನಲ್ಲಿ ಕೇಳುತ್ತಿದೆ.

ಪ್ರಶ್ನೆ (ಇನ್ನೊಬ್ಬ ಓದುಗರಿಂದ): ಒಬ್ಬರೇ ಎಲ್ಲ ಹಾಡುಗಳನ್ನು ಹಾಡುವುದು ಮೇಲೋ, ಹಾಡಿಗೊಬ್ಬ ಅತಿಥಿಯನ್ನು ಕರೆಯುವುದು ಮೇಲೋ?

ಉತ್ತರ: ಹತ್ತು ಜನ ಪ್ರಸಿದ್ಧರು ಬಂದರೆ ಮಾರಾಟಕ್ಕೆ ಅನುಕೂಲ, ಅದರಲ್ಲಿ ಅನುಮಾನವಿಲ್ಲ. 1994ರಲ್ಲಿ ಮರ್ಲ್ ಹ್ಯಾಗರ್ಡ್ ಅವರೊಬ್ಬರಿಗೇ ಇಂಥ ಎರಡು ಆಲ್ಬಂಗಳು ಬಂದವು. ಒಂದರಲ್ಲಿ ಆಗ ಹೆಸರು ಮಾಡಿದ್ದ ಕಂಟ್ರಿ ತಾರೆಯರಿದ್ದರು. ಟಾಮ್ ರಸೆಲ್ ಮತ್ತು ಡೇವ್ ಆಲ್ವಿನ್ ನಿರ್ಮಿಸಿದ ‘ಟುಲೇರ್ ಡಸ್ಟ್’ನಲ್ಲಿ ಸ್ವತಃ ಹಾಡು ಕಟ್ಟುವವರೇ ಹೆಚ್ಚಾಗಿ ಹಾಡಿದ್ದರು. ನಾನು ಇಂದಿಗೂ ಕೈಗೆತ್ತಿಕೊಳ್ಳುವುದು ಎರಡನೆಯದನ್ನು. ಹಾಡು ಕಟ್ಟುವವರು ಇನ್ನೊಬ್ಬರ ಹಾಡಿನಲ್ಲಿ ಗೋಡೆ ಎಲ್ಲಿದೆ, ಬಾಗಿಲು ಎಲ್ಲಿದೆ ಎಂಬುದನ್ನು ಬಲ್ಲರು. ಅತಿಥಿಗಳು ಬೇಕೇಬೇಕೆಂದಾದರೆ ಬಾಸ್, ಗಿಟಾರ್, ಪಿಟೀಲುಗಳನ್ನಾದರೂ ಆಲ್ಬಂ ಉದ್ದಕ್ಕೂ ಒಂದೇ ತಂಡದ ವಾದಕರು ನುಡಿಸಲಿ, ಇಲ್ಲವಾದರೆ ಅದು ಹನ್ನೆರಡು ಊರಿನ ಹನ್ನೆರಡು ಸಂತೆಯಂತೆ ಕೇಳುತ್ತದೆ. ಒಪ್ಪಂದದಲ್ಲಿರುವ ಗಾಯಕರು ತಮ್ಮ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಬೇರೆಡೆ ಹಾಡುವಂತಿಲ್ಲ. ಮುದ್ರಣದ ದಿನಕ್ಕೆ ಮೊದಲೇ ಆ ಕಾಗದ ಕೈಸೇರಿರಬೇಕು.

ಪ್ರಶ್ನೆ (ಮತ್ತೊಬ್ಬ ಓದುಗರಿಂದ): ಕೃತಕ ಬುದ್ಧಿಮತ್ತೆಯ ನೆರವಿನಿಂದ ದಿವಂಗತ ಗಾಯಕರ ದನಿಯನ್ನೇ ಸೃಷ್ಟಿಸಿ ಯುಗಳಗೀತೆ ಮಾಡಬಹುದಲ್ಲವೇ?

ಉತ್ತರ: ಸತ್ತವರ ಜೊತೆ ಹಾಡುವುದು ಹೊಸದೇನಲ್ಲ. ಪ್ಯಾಟ್ಸಿ ಕ್ಲೈನ್ 1963ರಲ್ಲಿ, ಜಿಮ್ ರೀವ್ಸ್ 1964ರಲ್ಲಿ ಬೇರೆ ಬೇರೆ ವಿಮಾನ ಅಪಘಾತಗಳಲ್ಲಿ ತೀರಿಕೊಂಡರು. ಅವರಿಬ್ಬರ ಹಳೆಯ ಟೇಪುಗಳಿಂದ ದನಿಗಳನ್ನು ಬಿಡಿಸಿ 1981ರಲ್ಲಿ ಯುಗಳಗೀತೆ ಹೊರಡಿಸಿದರು. 1989ರಲ್ಲಿ ಹ್ಯಾಂಕ್ ವಿಲಿಯಮ್ಸ್ ಜೂನಿಯರ್ ತಂದೆಯ ಮುದ್ರಣದ ಜೊತೆಗೆ ತಮ್ಮ ದನಿಯನ್ನು ಕೂಡಿಸಿದರು. ಅಲ್ಲೆಲ್ಲ ಕೇಳಿದ್ದು ಆ ವ್ಯಕ್ತಿಗಳು ನಿಜವಾಗಿ ಹಾಡಿದ ಸ್ವರ. ಅವರು ಎಂದೂ ಹಾಡದ ಸಾಲನ್ನು ಅವರ ಬಾಯಿಗೆ ತುರುಕುವುದು ಅದೇ ಜಾತಿಯ ಕೆಲಸವೆಂದು ನಾನು ಒಪ್ಪಲಾರೆ. ನನ್ನ ಒಪ್ಪಿಗೆ ಹೇಗೂ ಇರಲಿ, ಟೆನೆಸಿ ತನ್ನ 1984ರ ಕಾಯ್ದೆಗೆ ದನಿಯನ್ನೂ ಸೇರಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಆ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ಯಂತ್ರದಿಂದ ದನಿಯನ್ನು ನಕಲು ಮಾಡಿದವರ ಮೇಲೆ ಮೊಕದ್ದಮೆ ಹೂಡಬಹುದು.

ಪ್ರಶ್ನೆ: ಹನ್ನೆರಡು ಹಾಡು ಸೇರಿದರೂ ಮೂವತ್ತೈದು ನಿಮಿಷ ದಾಟುತ್ತಿಲ್ಲ. ಪ್ರತಿ ಹಾಡಿಗೂ ವಾದ್ಯಗಳ ಬಿಡಿ ನುಡಿಸಾಣಿಕೆ ಸೇರಿಸಿ ಹಿಗ್ಗಿಸಬಹುದೇ? ಎಲ್‌.ಪಿ. (ಲಾಂಗ್ ಪ್ಲೇ) ರೆಕಾರ್ಡಿನ ರೂಪದಲ್ಲಿಯೂ ತರುವ ವಿಚಾರವಿದೆ.

ಉತ್ತರ: ಹಿಗ್ಗಿಸಬೇಡಿ. ಆ ಹಾಡುಗಳು ಹುಟ್ಟಿದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ರೆಕಾರ್ಡಿಗಾಗಿ. ಅದರ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ, ಆದ್ದರಿಂದ ರಚನೆಕಾರರು ಬೇಡದ ಪದವನ್ನು ಮೊದಲೇ ಕಿತ್ತುಹಾಕುತ್ತಿದ್ದರು. ಎಲ್‌.ಪಿ.ಯ ಒಂದು ಮುಖಕ್ಕೆ ಹದಿನೇಳು ಹದಿನೆಂಟು ನಿಮಿಷವಾದರೆ ಗೆರೆಗಳು ವಿಶಾಲವಾಗಿ ಬಿದ್ದು ನಾದ ತುಂಬಿಕೊಂಡು ಬರುತ್ತದೆ. ಇಪ್ಪತ್ತೆರಡರ ಆಚೆಗೆ ಹೋದಂತೆ ಸದ್ದು ಸೊರಗುತ್ತದೆ. ಮೂವತ್ತೈದು ನಿಮಿಷ ನಿಮಗೆ ಒದಗಿದ ವರವೆಂದೇ ತಿಳಿಯಿರಿ. ಹಿಂಬದಿಯ ಹೊದಿಕೆಯಲ್ಲಿ ಉಳಿಯುವ ಜಾಗದಲ್ಲಿ ಪ್ರತಿ ಹಾಡಿನ ಕೆಳಗೆ ಅದನ್ನು ಬರೆದವರ ಹೆಸರನ್ನು, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ, ಹಾಕಿಸಿ. ನೀವು ಕಳುಹಿಸಿರುವ ಕರಡಿನಲ್ಲಿ ‘ಲವ್‌ಸಿಕ್ ಬ್ಲೂಸ್’ ಎದುರಿಗೆ ಈಗಲೂ ಹ್ಯಾಂಕ್ ವಿಲಿಯಮ್ಸ್ ಎಂದೇ ಇದೆ. ಅಚ್ಚಿಗೆ ಕೊಡುವ ಮೊದಲು ಅದನ್ನು ತಿದ್ದಿ.